‘ಬಾಕಿ’ ಅಂತ ಬರೆದರೆ ಸಾಲು ತಾನಾಗಿ ಕೆಂಪಾಗಬೇಕು, ಹೇಗೆ?

ಪ್ರಶ್ನೆ: ಮೇಡಂ, ನಮ್ಮದು ಮಂಡ್ಯದ ಹತ್ತಿರ ಒಂದು ಆಲೆಮನೆ. ಕಬ್ಬು ಕೊಟ್ಟ ರೈತರ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಟ್ಟಿದ್ದೇನೆ. ದಿನಾಂಕ, ಹೆಸರು, ಊರು, ಎಷ್ಟು ಟನ್, ಎಷ್ಟು ಹಣ, ಕೊನೆಗೆ ಸ್ಥಿತಿ. ಸ್ಥಿತಿ ಕಾಲಂನಲ್ಲಿ ಸಂದಾಯ, ಅರ್ಧ ಸಂದಾಯ, ಬಾಕಿ ಅಂತ ಬರೆದು ಕೈಯಿಂದಲೇ ಹಸಿರು, ಹಳದಿ, ಕೆಂಪು ತುಂಬುತ್ತೇನೆ. ಅಪ್ಪಾಜಿಗೆ ಸಣ್ಣ ಅಕ್ಷರ ಕಾಣಲ್ಲ. ಬಣ್ಣ ನೋಡಿಯೇ ಹಣ ಕೊಡ್ತಾರೆ. ಹೋದ ತಿಂಗಳು ಒಬ್ಬರಿಗೆ ಹಣ ಕೊಟ್ಟಿರಲಿಲ್ಲ, ಆದರೆ ಸಾಲು ಹಸಿರಾಗಿತ್ತು. ಅವರು ಬಂದು ಕೇಳಿದಾಗ ಅಪ್ಪಾಜಿ ‘ಕೊಟ್ಟಾಗಿದೆಯಲ್ಲ’ ಅಂದರು. ಮಾತಿಗೆ ಮಾತು ಬೆಳೆಯಿತು. ಪದ ನೋಡಿ ಬಣ್ಣ ತಾನಾಗೇ ಬರೋ ಹಾಗೆ ಮಾಡೋದು ಹೇಗೆ? ವಿಡಿಯೋ ನೋಡಿಕೊಂಡು ಒಂದು ಸಲ ಮಾಡಿದೆ. ಅರ್ಧ ಸಂದಾಯವೂ ಹಸಿರಾಯ್ತು. ಕೆಲವು ಸಾಲಿಗೆ ಬಣ್ಣವೇ ಬರಲಿಲ್ಲ.

ಉತ್ತರ: ನಿಮ್ಮ ಪ್ರಶ್ನೆ ಓದಿ ನನಗೆ ನನ್ನ ಮೊದಲ ಕೆಲಸ ನೆನಪಾಯಿತು. ಮೈಸೂರಿನ ಒಂದು ಸಣ್ಣ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಸರಕು ಕೊಟ್ಟವರ ಹೆಸರಿನ ಮುಂದೆ ಹೀಗೇ ಬಣ್ಣ ತುಂಬುತ್ತಿದ್ದೆ. ಒಂದು ದಿನ ಮಾಲೀಕರು ‘ಇವರಿಗೆ ಸಂಜೆ ಕೊಟ್ಟುಬಿಡ್ತೀನಿ’ ಅಂದರು. ನಾನು ಆಗಲೇ ಹಸಿರು ಮಾಡಿದೆ. ಆ ಸಂಜೆ ಅವರು ಕೊಡಲಿಲ್ಲ. ಹಸಿರು ಹಾಗೇ ಉಳಿಯಿತು. ಎರಡು ತಿಂಗಳಾದ ಮೇಲೆ ಆ ಮನುಷ್ಯ ಬಂದು ಅಂಗಡಿಯ ಬಾಗಿಲಲ್ಲಿ ನಿಂತಾಗ, ತಪ್ಪು ಎಲ್ಲಿ ಆಯಿತು ಅಂತ ಹುಡುಕೋಕೆ ಶೀಟ್‌ನಲ್ಲಿ ಒಂದು ಗುರುತೂ ಇರಲಿಲ್ಲ. ಕೈಯಿಂದ ತುಂಬಿದ ಬಣ್ಣಕ್ಕೆ ಹಿಂದೆ ಮುಂದೆ ಏನೂ ಇರುವುದಿಲ್ಲ. ಪದ ಒಂದು ಹೇಳುತ್ತದೆ, ಬಣ್ಣ ಇನ್ನೊಂದು ಹೇಳುತ್ತದೆ, ನೋಡುವವರು ಬಣ್ಣವನ್ನೇ ನಂಬುತ್ತಾರೆ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ಬಣ್ಣ ನೋಡಿ ಹದ ಹೇಳುವವರು ನಿಮ್ಮ ಅಪ್ಪಾಜಿ. ಬಣ್ಣವನ್ನು ನಂಬೋದು ಅವರಿಗೆ ಸಹಜ. ಹಾಗಾಗಿ ಆ ಬಣ್ಣ ಸುಳ್ಳು ಹೇಳದ ಹಾಗೆ ನೋಡಿಕೊಳ್ಳೋಣ.

ನಿಮಗೆ ಬೇಕಾಗಿರುವುದರ ಹೆಸರು ಕಂಡಿಷನಲ್ ಫಾರ್ಮ್ಯಾಟಿಂಗ್. ಸೆಲ್‌ನಲ್ಲಿ ಏನಿದೆ ಅಂತ ನೋಡಿ ಅದಕ್ಕೆ ತಕ್ಕ ಬಣ್ಣವನ್ನು ಎಕ್ಸೆಲ್ಲೇ ಹಾಕುತ್ತದೆ. ಪದ ಬದಲಾದ ಕೂಡಲೇ ಬಣ್ಣವೂ ಬದಲಾಗುತ್ತದೆ. 1997ರ ಆವೃತ್ತಿಯಿಂದ ಇದು ಎಕ್ಸೆಲ್‌ನಲ್ಲಿ ಇದೆ. ಆಗ ಒಂದು ಸೆಲ್‌ಗೆ ಮೂರು ನಿಯಮ ಮಾತ್ರ ಹಾಕಬಹುದಿತ್ತು. 2007ರ ಆವೃತ್ತಿಯಲ್ಲಿ ಆ ಮಿತಿ ಹೋಯಿತು. ಗೂಗಲ್ ಶೀಟ್ಸ್ ಮತ್ತು ಲಿಬ್ರೆ ಆಫೀಸ್‌ನಲ್ಲಿಯೂ ಇದು ಇದೆ.

ಮೊದಲು ಹಳೆಯ ಬಣ್ಣವನ್ನೆಲ್ಲ ತೆಗೆಯಿರಿ. ಎಲ್ಲ ಸಾಲುಗಳನ್ನು ಆಯ್ದುಕೊಂಡು, ಬಣ್ಣದ ಡಬ್ಬಿಯ ಗುರುತಿನ ಪಕ್ಕದ ಬಾಣ ಒತ್ತಿ, ‘ನೋ ಫಿಲ್’ ಕೊಡಿ. ಇದನ್ನು ಬಿಟ್ಟರೆ ಮುಂದೆ ತೊಂದರೆ ಗ್ಯಾರಂಟಿ. ನಿಯಮದ ಬಣ್ಣ ಕೈಬಣ್ಣದ ಮೇಲೆ ಕೂರುತ್ತದೆ, ಅದನ್ನು ಅಳಿಸುವುದಿಲ್ಲ. ನಿಯಮ ಹೊಂದದ ಸೆಲ್‌ನಲ್ಲಿ ಹೋದ ವರ್ಷದ ಹಸಿರು ಕೆಳಗಿನಿಂದ ಹಾಗೇ ಕಾಣುತ್ತದೆ.

ಈಗ ಸ್ಥಿತಿ ಕಾಲಂ ಒಂದಕ್ಕೇ ಬಣ್ಣ ಸಾಕು ಅಂದರೆ ಕೆಲಸ ಸುಲಭ. ಆ ಕಾಲಂನ ಸೆಲ್‌ಗಳನ್ನು ಆಯ್ದುಕೊಳ್ಳಿ. ಹೋಮ್, ಕಂಡಿಷನಲ್ ಫಾರ್ಮ್ಯಾಟಿಂಗ್, ಹೈಲೈಟ್ ಸೆಲ್ಸ್ ರೂಲ್ಸ್, ಈಕ್ವಲ್ ಟು. ಅಲ್ಲಿ ಬಾಕಿ ಅಂತ ಬರೆದು ಕೆಂಪು ಆರಿಸಿ. ಉಳಿದ ಎರಡು ಪದಗಳಿಗೂ ಹೀಗೇ. ಗೂಗಲ್ ಶೀಟ್ಸ್‌ನಲ್ಲಿ ಫಾರ್ಮ್ಯಾಟ್ ಮೆನುವಿನ ಕಂಡಿಷನಲ್ ಫಾರ್ಮ್ಯಾಟಿಂಗ್‌ಗೆ ಹೋಗಿ ‘ಟೆಕ್ಸ್ಟ್ ಈಸ್ ಎಕ್ಸಾಕ್ಟ್ಲಿ’ ಆರಿಸಬೇಕು.

ಅಪ್ಪಾಜಿಗೆ ಮಾತ್ರ ಪೂರ್ತಿ ಸಾಲಿಗೇ ಬಣ್ಣ ಬಂದರೆ ಒಳ್ಳೆಯದು. ಹೆಸರಿನಿಂದ ಸ್ಥಿತಿಯ ತನಕ ಒಂದೇ ಪಟ್ಟಿ ಕಂಡರೆ ಕಣ್ಣು ಸಾಲು ತಪ್ಪುವುದಿಲ್ಲ. ಇದಕ್ಕೆ ಸೂತ್ರ ಬೇಕು. ನಿಮ್ಮ ಶೀಟ್‌ನಲ್ಲಿ ದಿನಾಂಕ ಎ ಕಾಲಂ, ಹಣ ಇ ಕಾಲಂ, ಸ್ಥಿತಿ ಎಫ್ ಕಾಲಂ ಅಂದುಕೊಳ್ಳೋಣ. ಮೊದಲ ಸಾಲಿನಲ್ಲಿ ತಲೆಬರಹ ಇದೆ, ಲೆಕ್ಕ ಎರಡನೇ ಸಾಲಿನಿಂದ ಶುರು. ಎ2 ಸೆಲ್ ಮೇಲೆ ಕ್ಲಿಕ್ ಮಾಡಿ, ಎಫ್500ರ ತನಕ ಎಳೆಯಿರಿ. ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ ನ್ಯೂ ರೂಲ್ ಒತ್ತಿ, ಪಟ್ಟಿಯ ಕೊನೆಯಲ್ಲಿರುವ ‘ಯೂಸ್ ಎ ಫಾರ್ಮುಲಾ’ ಎಂಬುದನ್ನು ಆರಿಸಿ. ಶೀಟ್ಸ್‌ನಲ್ಲಿ ಇದಕ್ಕೆ ‘ಕಸ್ಟಮ್ ಫಾರ್ಮುಲಾ ಈಸ್’ ಅಂತ ಹೆಸರು. ಅಲ್ಲಿ ಹೀಗೆ ಬರೆಯಿರಿ:

=$ಎಫ್2="ಬಾಕಿ"

ಇಲ್ಲಿ ನಾನು ಕಾಲಂ ಹೆಸರನ್ನು ಕನ್ನಡದಲ್ಲಿ ಬರೆದಿದ್ದೇನೆ. ನೀವು ಬರೆಯುವಾಗ ಕಾಲಂ ಹೆಸರು, ಸೂತ್ರದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಜೋಡಿ ಗುರುತಿನ ಒಳಗಿನ ಬಾಕಿ ಮಾತ್ರ ಕನ್ನಡದಲ್ಲಿ ಇರಲಿ. ಆ ಜೋಡಿ ಗುರುತು ನೆಟ್ಟಗಿರಬೇಕು. ವಾಟ್ಸಾಪ್‌ನಿಂದಲೋ ವರ್ಡ್‌ನಿಂದಲೋ ಸೂತ್ರವನ್ನು ತಂದು ಅಂಟಿಸಿದರೆ ಎಷ್ಟೋ ಸಲ ಬಾಗಿದ ಗುರುತು ಬಂದಿರುತ್ತದೆ. ಅದಕ್ಕೆ ಸೂತ್ರ ಕೆಲಸ ಮಾಡುವುದಿಲ್ಲ. ಬೆರಳಿನಿಂದಲೇ ಒತ್ತಿ. ಆಮೇಲೆ ಕೆಂಪು ಬಣ್ಣ ಆರಿಸಿ. ಉಳಿದ ಎರಡು ಪದಗಳಿಗೂ ಹೀಗೇ ಒಂದೊಂದು ನಿಯಮ ಮಾಡಿ.

ಈ ಪುಟ್ಟ ಸೂತ್ರದಲ್ಲಿ ಎಲ್ಲರೂ ಎಡವುವುದು ಡಾಲರ್ ಗುರುತಿನ ಬಳಿ. ಎಫ್ ಅಕ್ಷರದ ಮುಂದೆ ಡಾಲರ್ ಇದೆ, 2ರ ಮುಂದೆ ಇಲ್ಲ. ಡಾಲರ್ ಅಂದರೆ ‘ಇದು ಕದಲಬಾರದು’ ಅಂತ. ಸಾಲಿನ ಯಾವ ಸೆಲ್ ಆದರೂ ಎಫ್ ಕಾಲಂ ಅನ್ನೇ ನೋಡಬೇಕು, ಅದಕ್ಕೆ ಅಲ್ಲಿ ಡಾಲರ್. ಆದರೆ ಮೂರನೇ ಸಾಲು ಎಫ್3 ಅನ್ನು, ನಾಲ್ಕನೇ ಸಾಲು ಎಫ್4 ಅನ್ನು ನೋಡಬೇಕು, ಅದಕ್ಕೆ ಅಂಕಿಗೆ ಡಾಲರ್ ಇಲ್ಲ. ಸೂತ್ರದ ಡಬ್ಬಿಯಲ್ಲಿ ಬರೆಯುತ್ತಾ ಮೌಸ್‌ನಿಂದ ಸೆಲ್ ತೋರಿಸಿದರೆ ಎಕ್ಸೆಲ್ ತಾನಾಗಿ ಎರಡೂ ಕಡೆ ಡಾಲರ್ ಹಾಕಿಬಿಡುತ್ತದೆ. ಆಗ ಎಲ್ಲ ಸಾಲೂ ಒಂದೇ ಸೆಲ್ ನೋಡುತ್ತವೆ, ಅದರಲ್ಲಿ ಬಾಕಿ ಇದ್ದರೆ ಶೀಟ್ ಪೂರ್ತಿ ಕೆಂಪು! ಕೀಬೋರ್ಡ್‌ನ ಎಫ್4 ಕೀಲಿಯನ್ನು ಎರಡು ಸಲ ಒತ್ತಿದರೆ ಅಂಕಿಯ ಮುಂದಿನ ಡಾಲರ್ ಹೋಗುತ್ತದೆ. ಅದೇ ಡಬ್ಬಿಯಲ್ಲಿ ತಿದ್ದೋಕೆ ಅಂತ ಬಾಣದ ಕೀಲಿ ಒತ್ತಿದರೆ ಬೇಡದ ಸೆಲ್ ಹೆಸರು ಬಂದು ಸೇರುತ್ತದೆ. ಮೊದಲು ಎಫ್2 ಕೀಲಿ ಒತ್ತಿ, ಆಮೇಲೆ ಬಾಣ ಬಳಸಿ.

ಇನ್ನೊಂದು. ಕೆಳಗಿನಿಂದ ಮೇಲಕ್ಕೆ ಎಳೆದು ಆಯ್ದುಕೊಳ್ಳಬೇಡಿ. ಎಕ್ಸೆಲ್ ಸೂತ್ರವನ್ನು ನೀವು ಮೊದಲು ಕ್ಲಿಕ್ ಮಾಡಿದ ಸೆಲ್‌ಗೆ ಬರೆದದ್ದು ಅಂತ ತಿಳಿಯುತ್ತದೆ. ಎಫ್500ರಿಂದ ಶುರು ಮಾಡಿದ್ದರೆ ಒಬ್ಬರ ಬಾಕಿ ಇನ್ನೊಬ್ಬರ ಸಾಲಿಗೆ ಬಣ್ಣ ಹಚ್ಚುತ್ತದೆ. ಇದು ಬಣ್ಣ ಬರದೇ ಇರುವುದಕ್ಕಿಂತ ಕೆಟ್ಟದ್ದು, ಯಾಕೆಂದರೆ ನೋಡಿದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ.

ಇನ್ನು, ಅರ್ಧ ಸಂದಾಯ ಯಾಕೆ ಹಸಿರಾಯಿತು? ನೀವು ವಿಡಿಯೋ ನೋಡಿ ‘ಟೆಕ್ಸ್ಟ್ ದಟ್ ಕಂಟೇನ್ಸ್’ ಎಂಬುದನ್ನು ಆರಿಸಿರಬೇಕು. ಅದು ‘ಈ ಪದ ಒಳಗೆ ಎಲ್ಲಾದರೂ ಇದೆಯಾ’ ಅಂತ ಮಾತ್ರ ನೋಡುತ್ತದೆ. ‘ಅರ್ಧ ಸಂದಾಯ’ದ ಒಳಗೆ ‘ಸಂದಾಯ’ ಇದೆಯಲ್ಲ, ಹಸಿರಾಯಿತು. ‘ಸಂದಾಯ ಆಗಿಲ್ಲ’ ಅಂತ ಬರೆದಿದ್ದರೂ ಹಸಿರೇ. ಕನ್ನಡದಲ್ಲಿ ಇಲ್ಲ ಅನ್ನೋ ಮಾತು ಕೊನೆಗೆ ಬರುತ್ತದೆ. ಮುಂದಿನ ಅರ್ಧ ಮಾತು ಎರಡಕ್ಕೂ ಒಂದೇ. ಹಾಗಾಗಿ ಹಣದ ವಿಷಯದಲ್ಲಿ ‘ಒಳಗೆ ಇದೆಯಾ’ ಎಂಬ ನಿಯಮವನ್ನು ನಾನು ಯಾರಿಗೂ ಹೇಳುವುದಿಲ್ಲ. ಪದ ಪೂರ್ತಿ ಹೊಂದಬೇಕು. ಜೊತೆಗೆ ಪದಗಳನ್ನೇ ಬದಲಿಸಿ: ಸಂದಾಯ, ಅರ್ಧ, ಬಾಕಿ. ಒಂದರೊಳಗೆ ಒಂದಿಲ್ಲ, ಬಾಯಲ್ಲಿ ಹೇಳಿದರೂ ಒಂದಕ್ಕೊಂದು ಕಲೆಯುವುದಿಲ್ಲ.

ಈಗ ಬಣ್ಣವೇ ಬಾರದ ಸಾಲುಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಂಗ್ಲಿಷ್‌ನಲ್ಲಿ ಲೆಕ್ಕ ಇಡುವವರಿಗೆ ಇಲ್ಲದ ಎರಡು ತೊಂದರೆ ನಮಗಿವೆ.

ಎಲ್ಲರಿಗೂ ಇರುವ ತೊಂದರೆಯನ್ನು ಮೊದಲು ನೋಡೋಣ. ಅದು ಕಾಣದ ಖಾಲಿ ಜಾಗ. ಬಾಕಿ ಅಂತ ಬರೆದು ಅಭ್ಯಾಸಕ್ಕೆ ಸ್ಪೇಸ್ ಒತ್ತಿರುತ್ತೇವೆ. ಕಣ್ಣಿಗೆ ಅದು ಬಾಕಿಯೇ, ಎಕ್ಸೆಲ್‌ಗೆ ಬೇರೆ ಪದ. ಪತ್ತೆ ಮಾಡೋಕೆ ಖಾಲಿ ಸೆಲ್‌ನಲ್ಲಿ =ಲೆನ್(ಎಫ್2) ಅಂತ ಹಾಕಿ. ಅದು ಎಷ್ಟು ಅಕ್ಷರ ಅಂತ ಎಣಿಸುತ್ತದೆ. ಬಾಕಿ ಎಂಬುದಕ್ಕೆ 4 ಬರಬೇಕು. ನಾವು ಎರಡಕ್ಷರ ಅಂತೀವಿ. ಆದರೆ ಕಂಪ್ಯೂಟರ್ ಒಳಗೆ ಬ ಒಂದು, ದೀರ್ಘ ಒಂದು, ಕ ಒಂದು, ಗುಡಿಸು ಒಂದು. 5 ಬಂದರೆ ಹಿಂದೆ ಏನೋ ಅಂಟಿಕೊಂಡಿದೆ. ಟ್ರಿಮ್ ಎಂಬ ಸೂತ್ರ ಹಿಂದೆ ಮುಂದೆ ಇರುವ ಖಾಲಿ ಜಾಗವನ್ನು ಕತ್ತರಿಸುತ್ತದೆ. ನಿಯಮದಲ್ಲೇ =ಟ್ರಿಮ್($ಎಫ್2)="ಬಾಕಿ" ಅಂತ ಬರೆದುಬಿಟ್ಟರೆ ಸ್ಪೇಸ್ ಒತ್ತಿದ್ದರೂ ಬಣ್ಣ ಬರುತ್ತದೆ. ವೆಬ್ ಪುಟದಿಂದ ತಂದ ಖಾಲಿ ಜಾಗ ಕೆಲವೊಮ್ಮೆ ಟ್ರಿಮ್‌ಗೂ ಬಗ್ಗುವುದಿಲ್ಲ. ಅಂಥ ಸೆಲ್‌ನಲ್ಲಿ ಪದವನ್ನು ಅಳಿಸಿ ಹೊಸದಾಗಿ ಬರೆಯುವುದೇ ಬೇಗ.

ನಮ್ಮ ಭಾಷೆಯದೇ ತೊಂದರೆ ಅಂದರೆ ಸೊನ್ನೆ. ಸಂದಾಯ ಎಂಬ ಪದದಲ್ಲಿ ಸ ಆದ ಮೇಲೆ ಸೊನ್ನೆ ಇದೆ. ಶಾಲೆಯಲ್ಲಿ ಅನುಸ್ವಾರಕ್ಕೂ ಸೊನ್ನೆ ಅಂದೆವು, ಲೆಕ್ಕದ ಸೊನ್ನೆಗೂ ಸೊನ್ನೆ ಅಂದೆವು. ಬರೆಯುವಾಗ ಎರಡೂ ಒಂದೇ ದುಂಡು. ಕಂಪ್ಯೂಟರ್‌ಗೆ ಇವೆರಡೂ ಬೇರೆ ಬೇರೆ. ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ, ಆ ಪದ್ಧತಿಗೆ ಯುನಿಕೋಡ್ ಅಂತ ಹೆಸರು. ಅನುಸ್ವಾರದ ಯುನಿಕೋಡ್ ಸಂಖ್ಯೆ 3202, ಕನ್ನಡ ಅಂಕಿಯ ಸೊನ್ನೆಯದು 3302. ಅವಸರದಲ್ಲಿ ಅಂಕಿಯ ಸೊನ್ನೆ ಒತ್ತಿದರೆ ‘ಸ೦ದಾಯ’ ಅಂತ ಬರುತ್ತದೆ. ಇದನ್ನು ‘ಸಂದಾಯ’ದ ಪಕ್ಕದಲ್ಲಿ ಇಟ್ಟು ನೋಡಿ. ವ್ಯತ್ಯಾಸ ಹೇಳೋದು ಕಷ್ಟ ಅಲ್ವಾ? ಲೆನ್ ಹಾಕಿದರೂ ಎರಡಕ್ಕೂ 5 ಬರುತ್ತದೆ, ಅದರಿಂದ ಗೊತ್ತಾಗುವುದಿಲ್ಲ. ಎರಡನೇ ಅಕ್ಷರವನ್ನು ಬಿಡಿಸಿ ಕೇಳಬೇಕು:

=ಯುನಿಕೋಡ್(ಮಿಡ್(ಎಫ್2,2,1))

3202 ಬಂದರೆ ಸರಿ. 3302 ಬಂದರೆ ಅದು ಅಂಕಿ. ಎಕ್ಸೆಲ್ 2013 ಮತ್ತು ಆಮೇಲಿನ ಆವೃತ್ತಿಗಳಲ್ಲಿ ಈ ಸೂತ್ರ ಇದೆ. ಸರಿಮಾಡೋಕೆ ಎಫ್ ಕಾಲಂ ಆಯ್ದುಕೊಂಡು ಕಂಟ್ರೋಲ್ ಮತ್ತು ಎಚ್ ಒತ್ತಿ. ಹುಡುಕಬೇಕಾದ ಜಾಗದಲ್ಲಿ ತಪ್ಪು ಪದವನ್ನು ಸೆಲ್‌ನಿಂದಲೇ ಕಾಪಿ ಮಾಡಿ ಹಾಕಿ, ಬದಲಿಸುವ ಜಾಗದಲ್ಲಿ ಸರಿಯಾದ ಪದ ಬರೆಯಿರಿ. ಒಂದೇ ಏಟಿಗೆ ಎಲ್ಲವೂ ಬದಲಾಗುತ್ತವೆ. ನನ್ನ ಹತ್ತಿರ ಕಲಿಯೋಕೆ ಬರುವವರ ಶೀಟ್‌ಗಳಲ್ಲಿ ಈ ಸೊನ್ನೆಯ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. ‘ಎಲ್ಲ ಸರಿ ಇದೆ, ಕಂಪ್ಯೂಟರ್ ಕೆಟ್ಟಿದೆ’ ಅಂತ ಅವರು ಬೇಸರ ಮಾಡಿಕೊಂಡಿರುತ್ತಾರೆ.

ಇನ್ನೊಂದು ತೊಂದರೆ ಹಳೆಯ ನುಡಿ, ಬರಹ ಫಾಂಟ್‌ಗಳದು. ಹಳೆಯ ಫೈಲ್‌ಗಳಲ್ಲಿ ಕನ್ನಡ ಕಾಣುತ್ತದೆ, ಆದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಗುರುತುಗಳು. ಫಾಂಟ್ ಅವುಗಳಿಗೆ ಕನ್ನಡದ ಅಂಗಿ ತೊಡಿಸಿರುತ್ತದೆ, ಅಷ್ಟೇ. ನೀವು ನಿಯಮದಲ್ಲಿ ಯುನಿಕೋಡ್‌ನಲ್ಲಿ ಬಾಕಿ ಅಂತ ಬರೆದರೆ ಅದು ಇದಕ್ಕೆ ಹೊಂದುವುದೇ ಇಲ್ಲ. ಪರೀಕ್ಷೆ ಸುಲಭ. ಆ ಸೆಲ್‌ನ ಫಾಂಟ್ ಅನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಹಾಗೇ ಉಳಿದರೆ ಯುನಿಕೋಡ್. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ ಹಳೆಯ ನುಡಿ ಅಥವಾ ಬರಹ. ಇವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ರೈತರ ಹೆಸರು, ಊರುಗಳನ್ನೂ ಈಗಲೇ ಬದಲಿಸಿಕೊಳ್ಳಿ. ಮುಂದೆ ಊರಿನ ಪ್ರಕಾರ ಹುಡುಕುವಾಗ ಅದೂ ಬೇಕಾಗುತ್ತದೆ.

ಇಷ್ಟೆಲ್ಲ ಪತ್ತೆದಾರಿ ಪ್ರತಿ ವಾರ ಮಾಡೋಕಾಗಲ್ಲ. ಅದಕ್ಕೆ ಪದವನ್ನು ಬರೆಯುವುದನ್ನೇ ಬಿಟ್ಟು, ಆರಿಸುವ ಹಾಗೆ ಮಾಡಿ. ಎಫ್ ಕಾಲಂ ಆಯ್ದುಕೊಂಡು ಡೇಟಾ, ಡೇಟಾ ವ್ಯಾಲಿಡೇಷನ್, ಲಿಸ್ಟ್‌ಗೆ ಹೋಗಿ ಸಂದಾಯ,ಅರ್ಧ,ಬಾಕಿ ಅಂತ ಅಲ್ಪವಿರಾಮ ಹಾಕಿ ಬರೆಯಿರಿ. ಸೆಲ್ ಪಕ್ಕ ಬಾಣ ಬರುತ್ತದೆ, ಒತ್ತಿದರೆ ಮೂರೇ ಪದ. ಬೇರೆ ಏನು ಬರೆದರೂ ಎಕ್ಸೆಲ್ ಒಪ್ಪುವುದಿಲ್ಲ. ಒಂದು ಎಚ್ಚರ: ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿದರೆ ಈ ಕಾವಲು ಕೆಲಸ ಮಾಡುವುದಿಲ್ಲ. ಅಂಟಿಸಿದ ಸೆಲ್ ತನ್ನ ಬಣ್ಣ, ತನ್ನ ನಿಯಮ ಎಲ್ಲವನ್ನೂ ಹೊತ್ತು ತರುತ್ತದೆ. ಹೀಗೆ ವರ್ಷ ಕಳೆದರೆ ಒಂದು ನಿಯಮ ಹತ್ತು ತುಂಡಾಗಿರುತ್ತದೆ. ಅಂಟಿಸಲೇಬೇಕಾದರೆ ‘ಪೇಸ್ಟ್ ಸ್ಪೆಷಲ್’ನಲ್ಲಿ ‘ವ್ಯಾಲ್ಯೂಸ್’ ಆರಿಸಿ. ಆಗಾಗ ‘ಮ್ಯಾನೇಜ್ ರೂಲ್ಸ್’ ತೆರೆದು, ನಿಯಮಗಳು ಎಷ್ಟಿರಬೇಕೋ ಅಷ್ಟೇ ಇವೆಯಾ ಅಂತ ನೋಡಿಕೊಳ್ಳಿ.

ಇಲ್ಲಿಗೆ ನೀವು ಕೇಳಿದ್ದಕ್ಕೆ ಉತ್ತರ ಆಯಿತು. ಆದರೆ ನಿಮ್ಮ ಮನೆಯಲ್ಲಿ ಆದ ಜಗಳ ಮತ್ತೆ ಆಗಬಾರದು ಅಂದರೆ ಇನ್ನೊಂದು ಹೆಜ್ಜೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ಈಗ ಬಣ್ಣ ಪದವನ್ನು ನೋಡುತ್ತದೆ. ಪದವನ್ನು ಮಾತ್ರ ನೀವೇ ಆರಿಸುತ್ತೀರಿ. ‘ಸಂಜೆ ಕೊಡ್ತೀವಿ’ ಅಂತ ಮೊದಲೇ ಸಂದಾಯ ಆರಿಸಿಬಿಟ್ಟರೆ, ನನ್ನ ಹಸಿರಿಗೂ ಇದಕ್ಕೂ ವ್ಯತ್ಯಾಸ ಏನು? ಅದಕ್ಕೆ ‘ಕೊಟ್ಟ ಹಣ’ ಅಂತ ಜಿ ಕಾಲಂ ಒಂದನ್ನು ಮಾಡಿ. ಕೈಯಿಂದ ಹಣ ಹೋದಾಗ ಅಲ್ಲಿ ಅಂಕಿ ಬರೆಯಿರಿ. ಸ್ಥಿತಿಯನ್ನು ಎಕ್ಸೆಲ್ ತಾನೇ ಬರೆಯಲಿ. ಎಫ್2ರಲ್ಲಿ ಹೀಗೆ:

=ಇಫ್(ಇ2="","",ಇಫ್(ಜಿ2>=ಇ2,"ಸಂದಾಯ",ಇಫ್(ಜಿ2>0,"ಅರ್ಧ","ಬಾಕಿ")))

ಹಣದ ಸೆಲ್ ಖಾಲಿ ಇದ್ದರೆ ಸ್ಥಿತಿಯೂ ಖಾಲಿ. ಕೊಟ್ಟದ್ದು ಕೊಡಬೇಕಾದಷ್ಟು ಆಗಿದ್ದರೆ ಸಂದಾಯ, ಸ್ವಲ್ಪ ಕೊಟ್ಟಿದ್ದರೆ ಅರ್ಧ, ಏನೂ ಕೊಟ್ಟಿಲ್ಲದಿದ್ದರೆ ಬಾಕಿ. ಈ ಸೂತ್ರವನ್ನು ಕೆಳಗಿನ ತನಕ ಎಳೆಯಿರಿ. ಪಟ್ಟಿಯಿಂದ ಆರಿಸುವ ಬಾಣ ಆಮೇಲೆ ಬೇಕಾಗುವುದಿಲ್ಲ. ಸೊನ್ನೆಯ ತಪ್ಪೂ ಮುಗಿಯಿತು, ಯಾಕೆಂದರೆ ಪದವನ್ನು ನೀವು ಒಂದೇ ಸಲ, ಸೂತ್ರದಲ್ಲಿ ಬರೆದಿದ್ದೀರಿ.

ಜಿ ಕಾಲಂನಲ್ಲಿ ಅಂಕಿ ಮಾತ್ರ ಇರಲಿ. ‘5000 ಕೊಟ್ಟೆ’ ಅಂತ ಬರೆದರೆ ಎಕ್ಸೆಲ್‌ಗೆ ಅದು ಅಂಕಿ ಅಲ್ಲ, ಅಕ್ಷರ. ಹೋಲಿಸುವಾಗ ಅಕ್ಷರವನ್ನು ಎಷ್ಟೇ ದೊಡ್ಡ ಅಂಕಿಗಿಂತಲೂ ದೊಡ್ಡದು ಅಂತ ಅದು ಎಣಿಸುತ್ತದೆ. ಹಾಗಾಗಿ ಐವತ್ತು ಸಾವಿರ ಕೊಡಬೇಕಿದ್ದ ಕಡೆಯೂ ಸಂದಾಯ ಅಂತ ಬಂದು ಹಸಿರಾಗುತ್ತದೆ! ಡೇಟಾ ವ್ಯಾಲಿಡೇಷನ್‌ನಲ್ಲಿ ಆ ಕಾಲಂಗೆ ‘ಡೆಸಿಮಲ್’ ಆರಿಸಿ, ಸೊನ್ನೆ ಅಥವಾ ಅದಕ್ಕಿಂತ ಜಾಸ್ತಿ ಅಂತ ಹಾಕಿ. ಅಕ್ಷರ ಒಳಗೆ ಬರುವುದಿಲ್ಲ. ಮಾತು ಬರೆಯೋಕೆ ಪಕ್ಕದಲ್ಲಿ ‘ಷರಾ’ ಅಂತ ಇನ್ನೊಂದು ಕಾಲಂ ಇಡಿ.

ಹಳೆಯ ಬಾಕಿಗೆ ಗಾಢ ಕೆಂಪು ಬೇಕಾ? ಹದಿನೈದು ದಿನ ದಾಟಿದ್ದಕ್ಕೆ ಹೀಗೆ ಇನ್ನೊಂದು ನಿಯಮ ಹಾಕಬಹುದು:

=ಆ್ಯಂಡ್($ಎಫ್2="ಬಾಕಿ",ಟುಡೇ()-$ಎ2>15)

ಇದು ಸಾಮಾನ್ಯ ಬಾಕಿ ನಿಯಮಕ್ಕಿಂತ ಮೇಲೆ ಇರಬೇಕು. ಎರಡು ನಿಯಮದ ಬಣ್ಣ ಒಂದೇ ಸೆಲ್‌ಗೆ ಬಂದರೆ ಮೇಲಿನದು ಗೆಲ್ಲುತ್ತದೆ. ಎಕ್ಸೆಲ್‌ನಲ್ಲೂ ಹೀಗೇ, ಶೀಟ್ಸ್‌ನಲ್ಲೂ ಹೀಗೇ. ದಿನಾಂಕವನ್ನು ಚುಕ್ಕಿ ಇಟ್ಟು ಬರೆಯಬೇಡಿ, ಎಷ್ಟೋ ಸಲ ಎಕ್ಸೆಲ್ ಅದನ್ನು ಅಕ್ಷರ ಅಂತ ತಿಳಿಯುತ್ತದೆ. ಅಡ್ಡಗೀಟು ಹಾಕಿ. ಸೆಲ್‌ನಲ್ಲಿ ದಿನಾಂಕ ಬಲಕ್ಕೆ ಸರಿದು ನಿಂತರೆ ಸರಿಯಾಗಿದೆ ಅಂತ.

ಒಟ್ಟು ಬಾಕಿ ಎಷ್ಟು ಅಂತ ಅಪ್ಪಾಜಿ ಕೇಳಿದರೆ ಕೆಂಪು ಸಾಲುಗಳನ್ನು ಎಣಿಸುತ್ತಾ ಕೂರಬೇಡಿ. ಎಕ್ಸೆಲ್‌ನ ಮಾಮೂಲಿ ಸೂತ್ರಗಳು ಬಣ್ಣವನ್ನು ನೋಡುವುದಿಲ್ಲ, ಸೆಲ್‌ನ ಒಳಗಿರುವುದನ್ನು ನೋಡುತ್ತವೆ. ನಿಮ್ಮ ಹತ್ತಿರ ಈಗ ಎರಡೂ ಕಾಲಂ ಇರುವುದರಿಂದ ಇ ಕಾಲಂನ ಮೊತ್ತದಲ್ಲಿ ಜಿ ಕಾಲಂನ ಮೊತ್ತ ಕಳೆದರೆ ಆಯಿತು. ಇನ್ನೂ ಏನೂ ಕೊಡದ ಸಾಲು ಎಷ್ಟು ಅಂತ ಬೇಕಾದರೆ =ಕೌಂಟ್‌ಇಫ್(ಎಫ್2:ಎಫ್500,"ಬಾಕಿ") ಅಂತ ಹಾಕಿ.

ಬಣ್ಣಗಳ ಬಗ್ಗೆ ಕೊನೆಯ ಮಾತು. ತಿಳಿಯಾದ ಬಣ್ಣ ಆರಿಸಿ, ಮೇಲಿನ ಅಕ್ಷರ ಕಪ್ಪಾಗಿ, ದೊಡ್ಡದಾಗಿ ಇರಲಿ. ಗಾಢ ಕೆಂಪಿನ ಮೇಲೆ ಕಪ್ಪು ಅಕ್ಷರ ನಮಗೇ ಕಾಣಲ್ಲ, ವಯಸ್ಸಾದವರಿಗೆ ಇನ್ನೂ ಕಷ್ಟ. ಹಳೆಯ ಬಾಕಿಗೆ ಗಾಢ ಕೆಂಪು ಹಾಕಿದರೆ ಅಲ್ಲಿ ಅಕ್ಷರವನ್ನು ಬಿಳಿ ಮಾಡಿ. ಮೂರು ನಾಲ್ಕು ಬಣ್ಣ ಸಾಕು. ಅಚ್ಚು ಬೆಲ್ಲಕ್ಕೊಂದು, ಬಕೆಟ್ ಬೆಲ್ಲಕ್ಕೊಂದು, ಊರಿಗೊಂದು ಅಂತ ಶುರುವಾದರೆ ಶೀಟ್ ಜಾತ್ರೆಯಾಗುತ್ತದೆ, ಬಾಕಿ ಕಣ್ಣಿಗೆ ಬೀಳುವುದಿಲ್ಲ. ಕೆಲವು ಗಂಡಸರಿಗೆ ಹುಟ್ಟಿನಿಂದಲೇ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಆಲೆಮನೆಯಲ್ಲಿ ಲೆಕ್ಕ ನೋಡುವ ಬೇರೆಯವರಲ್ಲಿ ಅಂಥವರಿದ್ದರೆ ಹಸಿರಿನ ಬದಲು ತಿಳಿ ನೀಲಿ ಹಾಕಿ. ನಿಯಮಗಳನ್ನು ಕಂಪ್ಯೂಟರ್‌ನಲ್ಲಿ ಮಾಡಿ ಫೈಲನ್ನು ಅಪ್ಪಾಜಿಯ ಫೋನ್‌ಗೆ ಕೊಡಿ. ಬಣ್ಣ ಅಲ್ಲೂ ಕಾಣುತ್ತದೆ. ಗಾಣದ ಹತ್ತಿರ ಗೋಡೆಗೆ ಅಂಟಿಸೋಕೆ ಪ್ರಿಂಟ್ ತೆಗೆಯುವುದಾದರೆ ಸ್ಥಿತಿ ಕಾಲಂ ಅನ್ನು ಹೆಸರಿನ ಪಕ್ಕಕ್ಕೆ ತಂದು ದಪ್ಪ ಅಕ್ಷರ ಮಾಡಿ. ಕಪ್ಪು ಬಿಳುಪು ಪ್ರಿಂಟ್‌ನಲ್ಲಿ ಕೆಂಪೂ ಹಸಿರೂ ಒಂದೇ ಬೂದಿ ಬಣ್ಣ.